ಹಬ್ಬದ ದಿನ ಬಂದ ವರದಿ

ಪೊಟೊಸಿ ಬೆಟ್ಟಸೀಮೆಯ ಆ ಹಳ್ಳಿಯಲ್ಲಿ ಸಟುರ್ನಿನಾಳ ಬಾಯಿಗೆ ಹೆದರದವರಿಲ್ಲ. ಅಲ್ಲಿ ಚಳಿಗಾಲವಾದ ಜೂನ್ ತಿಂಗಳ ಹಿಮದಲ್ಲಿ ಬರಿಗಾಲಲ್ಲಿ ಆಲೂಗಡ್ಡೆ ತುಳಿದು ನೀರು ಹಿಂಡಿ, ಒಣಗಿಸಿ, ಸಂತೆಯಲ್ಲಿ ಮಾರುವ ಹೆಂಗಸು. ಜೊತೆಗೆ ತುಳಿಯಲು ಬಸಿಲಿಯಾ. ಇವತ್ತು ನಿನ್ನ ಹೊಲ, ನಾಳೆ ನನ್ನದು ಎಂದು ಇಪ್ಪತ್ತು ವರ್ಷ ಮುಯ್ಯಾಳು ದುಡಿದ ಗೆಳತಿ.

ಪರೀಕ್ಷೆಗೆ ಅವಳನ್ನು ಎಳೆದೊಯ್ದವಳೂ ಸಟುರ್ನಿನಾಳೇ. "ಗರ್ಭಕೋಶದ ಬಾಯಿ ಕ್ಯಾನ್ಸರ್ ಬೇಗ ಗೊತ್ತಾದ್ರೆ ಉಳೀಬಹುದು. ದುಡ್ಡಿರೋ ದೇಶಗಳಲ್ಲಿ ಇದರಿಂದ ಸಾಯೋರು ಕಮ್ಮಿ," ಎಂದು ಪೇಟೆಯ ನರ್ಸ್ ಮಿರ್ಥಾ ಊರಿಗೆ ಬಂದು ಹೇಳಿದ್ದಳು. ಬಸಿಲಿಯಾ ನಾಚಿ ಮುದುರಿಕೊಂಡಳು.

"ಏಳು ಹೆತ್ತೋಳಿಗೆ ಈಗೇನೇ ನಾಚಿಕೆ? ನಡಿ, ಮೊದಲು ನಾನೇ ಮಲಗ್ತೀನಿ. ಇದೂ ಒಂದು ಮುಯ್ಯಿ ಅನ್ಕೋ," ಎಂದು ಸಟುರ್ನಿನಾ ಗದರಿದಳು.

ಹನ್ನೆರಡು ಹೆಂಗಸರು ಲಾರಿ ಹತ್ತಿ ಪೇಟೆಯ ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದರು. "ಏನಾದ್ರೂ ಇದ್ರೆ ನಾವೇ ಹೇಳಿ ಕಳಿಸ್ತೀವಿ," ಎಂದಿದ್ದಳು ಮಿರ್ಥಾ.

ವರ್ಷ ಕಳೆಯಿತು. ಬಸಿಲಿಯಾಳಿಗೆ ರಕ್ತ ಹೋಗತೊಡಗಿತು. "ಹೇಳಿ ಕಳಿಸಿಲ್ವಲ್ಲ, ಅಂದ್ರೆ ಏನೂ ಇಲ್ಲ ಅಂತ ತಾನೇ?" ಎಂದು ಬಟ್ಟೆ ಕಟ್ಟಿಕೊಂಡೇ ಆಲೂಗಡ್ಡೆ ತುಳಿದಳು. ಸಟುರ್ನಿನಾ ಹೌದೆಂದಳು. ಆ ಹೌದು ಇಂದಿಗೂ ಅವಳ ಗಂಟಲಲ್ಲಿ ಮುಳ್ಳಾಗಿ ನಿಂತಿದೆ. ಸೆಪ್ಟೆಂಬರಿನಲ್ಲಿ ಬಸಿಲಿಯಾಳನ್ನು ಮಣ್ಣು ಮಾಡಿದರು.

ನವೆಂಬರ್ ಒಂದು, ಸತ್ತವರು ಮನೆಗೆ ಬರುವ ಹಬ್ಬ. ಬಸಿಲಿಯಾಳ ಮಕ್ಕಳು ಮೇಜಿಗೆ ಕರಿಬಟ್ಟೆ ಹಾಸಿ, ಗೊಂಬೆಯಾಕಾರದ ಬ್ರೆಡ್ಡು, ಮೆಕ್ಕೆಜೋಳದ ಹೆಂಡ, ಅವಳಿಗಿಷ್ಟದ ಖಾರದ ಸಾರು ಇಟ್ಟು ಕಾದರು. ಆತ್ಮ ಬರುವುದು ಮಧ್ಯಾಹ್ನ ಹನ್ನೆರಡಕ್ಕೆ. ಹನ್ನೆರಡಕ್ಕೆ ಬಾಗಿಲಲ್ಲಿ ನಿಂತವಳು ಮಿರ್ಥಾ, ಕೈಯಲ್ಲೊಂದು ಕಾಗದ.

"ಬಸಿಲಿಯಾ ಇದ್ದಾರಾ? ವರದಿ ಬಂದಿದೆ. ತಕ್ಷಣ ಆಸ್ಪತ್ರೆಗೆ ಬರ್ಬೇಕು."

"ಯಾವತ್ತಿನ ಪರೀಕ್ಷೆದು?" ಊರ ಹೆಂಗಸರ ಜೊತೆ ಕೂತಿದ್ದ ಸಟುರ್ನಿನಾ ಎದ್ದಳು.

"ಹೋದ ವರ್ಷದ್ದೇ ಅಕ್ಕ. ನಗರದಲ್ಲಿ ಅದನ್ನ ನೋಡೋರು ಒಬ್ಬರೇ. ನಿಮ್ಮಿಂದ ತೆಗೆದದ್ದನ್ನ ಗಾಜಿನ ಚೂರಿಗೆ ಸವರಿ ಇಡ್ತೀವಿ, ಅಂಥ ನೂರು ಗಾಜು ಕೂಡೋವರೆಗೆ ನಮ್ಮ ಬೀರುವಿನಲ್ಲೇ ಇರುತ್ತೆ. ಆಮೇಲೆ ಅಲ್ಲೂ ಸಾಲು..."

ಸಟುರ್ನಿನಾಳಿಗೆ ಮೈಯೆಲ್ಲ ಉರಿದುಹೋಯಿತು. ಊರಿಗೆ ಡಾಂಬರು ರಸ್ತೆ ಬಂತು, ಮೊಬೈಲ್ ಗೋಪುರ ಬಂತು, ಮಂತ್ರಿ ಬಂದು ರಿಬ್ಬನ್ ಕತ್ತರಿಸಿ ಹೋದ. ಒಂದು ಚೂರು ಗಾಜು ನೋಡುವ ಕಣ್ಣಿಗೆ ಮಾತ್ರ ಈ ದೇಶದಲ್ಲಿ ಬರ! ಮಿರ್ಥಾಳ ರಟ್ಟೆ ಹಿಡಿದು ಮೇಜಿನ ಮುಂದೆ ತಂದು ಕೂರಿಸಿದಳು.

"ಸರಿಯಾದ ಹೊತ್ತಿಗೇ ಬಂದೆ ತಾಯಿ. ಅವಳೂ ಈಗಷ್ಟೇ ಬಂದಿದ್ದಾಳೆ. ನಾಳೆ ಮಧ್ಯಾಹ್ನದವರೆಗೂ ಇರ್ತಾಳೆ. ಓದು."

ಮಿರ್ಥಾ ಆಗ ಮೇಜಿನ ಕರಿಬಟ್ಟೆಯನ್ನು ನೋಡಿದಳು.

"ಓದೇ!"

ಓದಿದಳು. ಹೆಸರು, ವಯಸ್ಸು, ದಿನಾಂಕ, ಕ್ಯಾನ್ಸರಿನ ಶಂಕೆ.

"ಆಗಲೇ ಗೊತ್ತಾಗಿದ್ರೆ ಉಳೀತಿದ್ಳಾ?"

"ಉಳೀತಿದ್ರೇನೋ ಅಕ್ಕ," ಮಿರ್ಥಾ ಅಳುತ್ತಿದ್ದಳು.

"ನಮ್ಮ ಹನ್ನೊಂದು ಜನರದ್ದು?"

"ಅವು ಇನ್ನೂ ಆ ಸಾಲಲ್ಲೇ ಇವೆ, ನೋಡಿಲ್ಲವಂತೆ."

ಪ್ರಾರ್ಥನೆಗೆ ಬಂದು ಕೂತಿದ್ದ ಉಳಿದ ಹತ್ತು ಹೆಂಗಸರು ತಲೆಯೆತ್ತಿದರು.

"ಅವಸರ ಇಲ್ಲ ಬಿಡು," ಎಂದಳು ಸಟುರ್ನಿನಾ. "ಮುಂದಿನ ವರ್ಷ ಇದೇ ದಿನ, ಇದೇ ಹೊತ್ತಿಗೆ ತಗೊಂಡು ಬಾ. ನಂದನ್ನ ನಮ್ಮನೆ ಮೇಜಿನ ಮುಂದೆ ಕೂತು ಓದು."