ಮಗಳ ಹಬ್ಬಕ್ಕೆ ಬಂದವರು

ಹೋದ ವಾರ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನಲು ಹೊಸದೊಂದು ಹೋಟೆಲಿಗೆ ಹೋಗಿದ್ದೆ. ಗೋಡೆಯ ಮೇಲೆ ಚಂದ್ರಿಕೆಯೊಂದನ್ನು ನೇತುಹಾಕಿ ಸುತ್ತ ಬಣ್ಣದ ದೀಪ ಬಿಟ್ಟಿದ್ದರು. ಆಳೆತ್ತರದ ಬಿದಿರಿನ ತಟ್ಟಿ, ಅದರ ಮೇಲೆ ಸುರುಳಿ ಸುರುಳಿಯಾಗಿ ಕಟ್ಟಿದ ಬಿದಿರ ಪಟ್ಟಿ. ಹಣ್ಣಾದ ರೇಷ್ಮೆ ಹುಳುಗಳನ್ನು ಗೂಡು ಕಟ್ಟಲು ಬಿಡುತ್ತಿದ್ದುದು ಇದರ ಮೇಲೆಯೇ. "ಇದೇನು ಗೊತ್ತೇನಪ್ಪ?" ಎಂದು ಕೇಳಿದರೆ ಗಲ್ಲಾದಲ್ಲಿ ಕೂತಿದ್ದವನು, "ಹಳೇ ಕಾಲದ್ದು ಮೇಡಂ, ಗೋಡೆಗೆ ಚೆನ್ನಾಗಿ ಕಾಣುತ್ತೆ" ಎಂದ. ಹತ್ತಿರ ಹೋಗಿ ಮೂಸಿದೆ. ವಾರ್ನಿಷ್ ವಾಸನೆ. ಅದರ ಅಡಿಯಲ್ಲೆಲ್ಲೋ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಇದ್ದಂತೆ ನನಗೆ ಮಾತ್ರ ಅನ್ನಿಸಿತೋ ಏನೋ... ಆ ವಾಸನೆಯನ್ನು ಬಟ್ಟೆಯಲ್ಲೇ ಹೊತ್ತು ನಮ್ಮ ಜಗಲಿಗೆ ಬಂದು ಕೂತ ಗೌಡರು, ಅವರ ಹಿಂದೆ ಗಂಟು ಹಿಡಿದು ನಿಂತ ಅವರ ಹೆಂಡತಿ, ನಮಗೆಲ್ಲ ಅವ್ವ, ಇಬ್ಬರೂ ಕಣ್ಣಿಗೆ ಕಟ್ಟಿದರು.

ನಾನಾಗ ರಾಮನಗರದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಶಾಲಾ ಟೀಚರ್. ಗೂಡಿಗೆ ಬೆಲೆ ಏರಿ, ಹಳ್ಳಿ ಹಳ್ಳಿಯಲ್ಲೂ ರಾಗಿ ಹೊಲ ಕಿತ್ತು ಹಿಪ್ಪುನೇರಳೆ ನೆಟ್ಟ ಕಾಲ. ಬೆಳಗಾದರೆ ಗೂಡಿನ ಮಾರುಕಟ್ಟೆಯ ಮುಂದೆ ಗಾಡಿ, ಟೆಂಪೋಗಳ ಸಾಲು. ಊರಿಗೆ ಊರೇ ನೂಲು ತೆಗೆಯುವ ಬಿಸಿನೀರಿನ ವಾಸನೆ. ಮಾರುಕಟ್ಟೆಯ ಪಕ್ಕದ ಬೀದಿಯಲ್ಲಿ ಒಂದೇ ಜಗಲಿಯ ಎರಡು ಮನೆಗಳಿದ್ದವು. ಒಂದರಲ್ಲಿ ನಾನು. ಇನ್ನೊಂದರಲ್ಲಿ ಆಸ್ಪತ್ರೆಯ ನರ್ಸ್, ಎಲ್ಲರ ಬಾಯಲ್ಲಿ ಸಿಸ್ಟರಮ್ಮ. ಅವರ ಯಜಮಾನರು ದಿನಾ ರೈಲಿನಲ್ಲಿ ಚನ್ನಪಟ್ಟಣಕ್ಕೆ ಹೋಗಿ ಮರದ ಬೊಂಬೆಗಳನ್ನು ಕಡೆಯುತ್ತಿದ್ದರು. ಐದು ವರ್ಷದ ಒಬ್ಬಳು ಮಗಳು.

ಸಿಸ್ಟರಮ್ಮ ಕನಕಪುರದ ಕಡೆಯ ಹಳ್ಳಿಯ ಗೌಡರ ಮನೆ ಹೆಣ್ಣು. ಯಜಮಾನರು ಕ್ರೈಸ್ತರು. ಇಬ್ಬರೂ ಮೆಚ್ಚಿ ಮದುವೆಯಾದ ದಿನದಿಂದ ತವರಿನ ಬಾಗಿಲು ಮುಚ್ಚಿತ್ತು. ಮಗು ಹುಟ್ಟಿ ಮೂರು ತಿಂಗಳಿಗೆ ಸಿಸ್ಟರಮ್ಮ ಧೈರ್ಯ ಮಾಡಿ ಕೂಸನ್ನು ಎತ್ತಿಕೊಂಡು ಊರಿಗೆ ಹೋಗಿದ್ದರಂತೆ. ಆಗೆಲ್ಲ ಜನ ಇರುವ ಮನೆಯಲ್ಲೇ ಹುಳ ಸಾಕುತ್ತಿದ್ದರು. ಹುಳ ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ ಅಲುಗಾಡದೆ ಕೂರುವುದಕ್ಕೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಆಗ ಹೊರಗಿನವರು ಒಳಗೆ ಬರಬಾರದೆಂಬ ಕಟ್ಟುಪಾಡು. ಅವರಪ್ಪ, ಗೌಡರು, ಹೊಸ್ತಿಲಲ್ಲಿ ಅಡ್ಡ ನಿಂತು, "ಹುಳ ಜ್ವರಕ್ಕೆ ಕೂತವೆ. ಹೊರಗಿನವರು ಬರೋ ಹಂಗಿಲ್ಲ" ಎಂದರಂತೆ. ಸಿಸ್ಟರಮ್ಮ ಜಗಲಿಯಲ್ಲೇ ಕೂತು ಮಗುವಿಗೆ ಹಾಲು ಕುಡಿಸಿ, ಬಂದ ಬಸ್ಸಿನಲ್ಲೇ ವಾಪಸಾದರಂತೆ. "ಹುಳ ಆಗ ಜ್ವರ ಎಲ್ಲಾ ಮುಗಿಸಿ ಚಂದ್ರಿಕೆ ಮೇಲೆ ಗೂಡು ಕಟ್ತಾ ಇದ್ವು ಟೀಚರೇ. ನಾನು ಅದೇ ಮನೇಲಿ ಹುಟ್ಟಿದೋಳು, ನಂಗೆ ಗೊತ್ತಾಗಲ್ವಾ..." ಎಂದು ನನ್ನ ಹತ್ತಿರ ಒಂದೇ ಒಂದು ಸಲ ಹೇಳಿದ್ದರು.

ಮದುವೆಯಾಗಿ ಆರು ವರ್ಷ. ಅಷ್ಟು ವರ್ಷವೂ ಗೌಡರು ನಮ್ಮ ಬೀದಿಯ ತುದಿಯಲ್ಲಿದ್ದ ಮಾರುಕಟ್ಟೆಗೆ ಗೂಡು ತರುತ್ತಿದ್ದರು, ಬೀದಿಯೊಳಗೆ ಮಾತ್ರ ತಿರುಗುತ್ತಿರಲಿಲ್ಲ.

ಆ ವರ್ಷ ಕ್ರಿಸ್ಮಸ್ ಹಿಂದಿನ ದಿನ ಅವ್ವ ಹಟ ಹಿಡಿದು ಗಂಡನ ಜೊತೆ ಮಾರುಕಟ್ಟೆಗೆ ಬಂದರು. ಗೂಡು ಮಾರಿದ ಮೇಲೆ ಗೌಡರು ಬಸ್ ಸ್ಟ್ಯಾಂಡಿನ ಕಡೆ ಹೊರಟರೆ ಅವ್ವ ಅಲ್ಲೇ ನಿಂತರು. "ಇಷ್ಟು ವರ್ಸ ಹೊತ್ತೊತ್ತಿಗೆ ಹುಳಕ್ಕೆ ಸೊಪ್ಪು ಹಾಕಿವ್ನಿ. ಒಂದಿನ ನನ್ನ ಮಗಳಿಗೆ ಅನ್ನ ಇಕ್ಕಬೇಕು. ನೀವು ಬೇಕಾದ್ರೆ ಹೋಗಿ, ನಾನು ಬರಾಕಿಲ್ಲ." ಇದನ್ನು ಅವ್ವ ಆಮೇಲೆ ಎಷ್ಟೋ ಸಲ ನನಗೆ ಹೇಳಿ ನಕ್ಕಿದ್ದಾರೆ. ನಡುಬೀದಿಯಲ್ಲಿ ಹೆಂಡತಿಯನ್ನು ಬಿಟ್ಟು ಹೋಗಲಾರದೆ ಗೌಡರು ಹಿಂದೆ ಬಂದರು.

ಬಂದರು, ಒಳಗೆ ಹೋಗಲಿಲ್ಲ. ಜಗಲಿಯ ನನ್ನ ಕಡೆಯ ಅರ್ಧದಲ್ಲಿ ಕೂತು, "ಒಸಿ ಹೊತ್ತು ಇಲ್ಲೇ ಇರ್ತೀನಿ ಟೀಚರಮ್ಮ" ಎಂದರು. ಒಳಗೆ ತಾಯಿ ಮಗಳು ಅಳುವುದು, ನಗುವುದು ಎಲ್ಲ ಕೇಳುತ್ತಿತ್ತು. ಸಿಸ್ಟರಮ್ಮ ಎರಡು ಸಲ ಬಾಗಿಲ ತನಕ ಬಂದು, "ಅಪ್ಪಾ, ಕಾಫಿ" ಎಂದರು. ಅವರು ಬೀದಿಯ ಕಡೆಯೇ ನೋಡುತ್ತಿದ್ದರು. ಕೊನೆಗೆ ನಾನು ಕೊಟ್ಟ ಕಾಫಿ ಕುಡಿದರು. ಆ ಲೋಟ ಕೊಟ್ಟದ್ದಕ್ಕೆ ನನಗೇ ಯಾಕೋ ನಾಚಿಕೆಯಾಯಿತು.

ಮೊಮ್ಮಗಳಿಗೆ ಇದಾವುದೂ ತಿಳಿಯದು. ಜಗಲಿಯ ಮೂಲೆಯಲ್ಲಿ ಹುಲ್ಲು ಹಾಸಿ ಯೇಸು ಹುಟ್ಟಿದ ಗೋದಲಿ ಮಾಡುತ್ತಿದ್ದಳು. ಬೊಂಬೆಗಳನ್ನೆಲ್ಲ ಅವಳಪ್ಪ ಕಡೆದುಕೊಟ್ಟಿದ್ದರು. ಮನುಷ್ಯರು, ಕತ್ತೆ, ಕುರಿ ಎಲ್ಲವೂ ಗುಂಡುಗುಂಡಗೆ. ಗೌಡರ ಮನೆಯಲ್ಲಿ ಮಂದೆ ಕುರಿ ಇದ್ದವು. ತುಂಬಾ ಹೊತ್ತು ನೋಡಿ ತಡೆಯಲಾಗಲಿಲ್ಲವೇನೋ, ಒಂದನ್ನು ಎತ್ತಿಕೊಂಡರು.

"ಇದೇನ್ ಕೂಸೇ, ಬುಗುರಿಯಾ?"

"ಕುರಿ ತಾತ!"

"ಇದಕ್ಕೆ ಕಾಲೇ ಇಲ್ವಲ್ಲವ್ವ. ಮೇಯಕ್ಕೆ ಹೆಂಗೋಯ್ತದೆ?"

"ಅದು ಮೇಯಲ್ಲ. ಪಾಪು ನೋಡಕ್ಕೆ ಬಂದೈತೆ."

ಗೌಡರು ಹುಲ್ಲಿನ ಮೇಲೆ ಮಲಗಿಸಿದ್ದ ಪುಟ್ಟ ಬೊಂಬೆಯನ್ನು ನೋಡಿದರು. "ಕೂಸ್ನ ಯಾಕೆ ಕೊಟ್ಟಿಗೇಲಿ ಮಲಗಿಸವ್ರೆ? ಮನೆ ಇರ್ನಿಲ್ವಾ?"

"ಎಲ್ಲಾ ಮನೇಗೂ ಹೋದ್ರು ತಾತ. ಯಾರೂ ಒಳಗೆ ಬಿಡ್ಲಿಲ್ಲ."

ಹುಡುಗಿ ಹಾಗೆಂದು ಕತ್ತೆಯನ್ನು ನೆಟ್ಟಗೆ ನಿಲ್ಲಿಸುವುದರಲ್ಲಿ ಮಗ್ನಳಾದಳು. ನಾನು ಬಾಗಿಲ ಪಕ್ಕ ಅಕ್ಕಿ ಆರಿಸುತ್ತಾ ಕೂತಿದ್ದೆ. ಗೌಡರ ಕೈಯಲ್ಲಿ ಕುರಿ ಹಾಗೇ ಇತ್ತು. ಟವೆಲಿನಿಂದ ಮುಖ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ದೀಪ ಹಚ್ಚುವ ಹೊತ್ತಿಗೆ ಎದ್ದು ನಿಂತು, "ಕಾಲು ತೊಳ್ಯಕ್ಕೆ ಒಂದು ಚೊಂಬು ನೀರು ಕೊಡವ್ವ" ಎಂದು ಒಳಗಿನ ಕಡೆ ಕೂಗಿದರು. ಸಿಸ್ಟರಮ್ಮ ಓಡಿ ಬಂದರು. ಕಾಲು ತೊಳೆದ ಮೇಲೂ ಗೌಡರು ಹೊಸ್ತಿಲ ಹೊರಗೇ ನಿಂತು ಮಗಳನ್ನು ಕೇಳಿದರು:

"ಒಳೀಕೆ ಬರಬೌದಾ ಮಗ?"

ಸಿಸ್ಟರಮ್ಮ ಅಪ್ಪನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.

ಮಾರನೆಯ ದಿನ ಬೆಳಿಗ್ಗೆ ಗೌಡರು ಎಲ್ಲರ ಜೊತೆ ಚರ್ಚಿಗೂ ಹೋಗಿಬಂದರು. "ಅವರು ಎದ್ದಾಗ ಎದ್ದೆ, ಕೂತಾಗ ಕೂತೆ. ನಮ್ಮ ಮಾರಮ್ಮ ಇಷ್ಟು ಸಲ ಎಬ್ಬಿಸಾಕಿಲ್ಲ ಕಣಪ್ಪ" ಎಂದು ಅಳಿಯನಿಗೆ ಹೇಳಿದರು. ಆರು ವರ್ಷದಲ್ಲಿ ಅಳಿಯನ ಜೊತೆ ಅವರಾಡಿದ ಮೊದಲನೆಯ ಮಾತು ಅದು. ಆ ಮನುಷ್ಯ ನಗಬೇಕೋ ಬೇಡವೋ ತಿಳಿಯದೆ ನಿಂತಿದ್ದರು. ಮಾವನವರು ಏನೆಂದುಕೊಳ್ಳುತ್ತಾರೋ ಎಂಬ ಅಂಜಿಕೆಯಲ್ಲಿ ಆವತ್ತು ಬರೀ ತರಕಾರಿ ಅಡುಗೆಗೆ ಹೇಳಿದ್ದವರೂ ಅವರೇ. ಎಲೆ ಮುಂದೆ ಕೂತ ಗೌಡರು ಹುರುಳಿಕಾಯಿ ಪಲ್ಯವನ್ನೂ ಅಳಿಯನ ಮುಖವನ್ನೂ ನೋಡಿ, "ಹಬ್ಬ ಅಂತೀರಿ, ಬಾಡೇ ಇಲ್ವಾ? ಏಳಪ್ಪ ಮೇಲೆ, ಹೋಗಿ ತರಾನ" ಎಂದು ಎದ್ದೇಬಿಟ್ಟರು. ಮಾವ ಅಳಿಯ ಇಬ್ಬರೂ ಬ್ಯಾಗು ಹಿಡಿದು ಮಾಂಸದ ಅಂಗಡಿಗೆ ಹೊರಟಿದ್ದನ್ನು ಬೀದಿಗೆ ಬೀದಿಯೇ ನಿಂತು ನೋಡಿತು. ಅವ್ವ ಸೆರಗು ಕಟ್ಟಿ ಮುದ್ದೆ ತಿರುವಿದರು. ನಾವು ಊಟ ಮಾಡಿದಾಗ ಮಧ್ಯಾಹ್ನ ಮೂರು ದಾಟಿತ್ತು. ಅಂಥ ಸಾರನ್ನು ನಾನು ಮತ್ತೆ ಉಂಡಿಲ್ಲ.

ಅಲ್ಲಿಂದ ಮುಂದೆ ಅವರು ಹುಳ ಸಾಕುವ ಕಾಲವೇ ಬದಲಾಯಿತು. ನವೆಂಬರ್ ನಡುವೆ ಹುಳದ ಮೊಟ್ಟೆ ತಂದರೆ ಕ್ರಿಸ್ಮಸ್ ಹೊತ್ತಿಗೆ ಗೂಡು ಬಿಡಿಸಿ ಮನೆ ಖಾಲಿಯಾಗುತ್ತದೆಂದು ಗೌಡರು ಲೆಕ್ಕ ಹಾಕಿದ್ದರು. ಊರವರು ಕೇಳಿದರೆ, "ನನ್ ಮಗಳ ಹಬ್ಬ ಕಣ್ಲಾ, ಆಗ ಹುಳ ಇಕ್ಕೊಂಡು ಕೂರಾಕಾಯ್ತದಾ?" ಅನ್ನುತ್ತಿದ್ದರಂತೆ. ನನಗೆ ಮಾಗಡಿಗೆ ವರ್ಗವಾದ ಮೇಲೂ ಆ ಹಬ್ಬದ ಊಟ ನಾನು ತಪ್ಪಿಸುತ್ತಿರಲಿಲ್ಲ.

ಒಂದು ಸುಗ್ಗಿಯಲ್ಲಿ ಗೌಡರು ಹಿಪ್ಪುನೇರಳೆ ತೋಟದಲ್ಲೇ ಕುಸಿದು ತೀರಿಕೊಂಡರು. ನನಗೆ ಸುದ್ದಿ ಮುಟ್ಟಿದ್ದು ತಿಥಿಯೂ ಕಳೆದ ಮೇಲೆ. ಅವ್ವ ಹುಳ ಸಾಕುವುದು ಬಿಟ್ಟು ಮಗಳ ಮನೆಗೇ ಬಂದು, ಅಲ್ಲೇ ಕಣ್ಣು ಮುಚ್ಚಿದರು.

ಮೊನ್ನೆ ಸಿಸ್ಟರಮ್ಮನನ್ನು ನೋಡಲು ರಾಮನಗರಕ್ಕೆ ಹೋಗಿದ್ದೆ. ನಿವೃತ್ತಿಯಾಗಿ ಎಷ್ಟೋ ವರ್ಷವಾಗಿದೆ, ಮಂಡಿ ನೋವು, ಕಿವಿಯೂ ಮಂದ. ಹಳೆಯ ಎರಡು ಮನೆಗಳ ಜಾಗದಲ್ಲಿ ಈಗ ಮೂರು ಅಂತಸ್ತಿನ ಕಟ್ಟಡ. ಅದು ಇದು ಮಾತಾಡುತ್ತಾ ಮಾತು ಅವರಪ್ಪನ ಕಡೆಗೆ ತಿರುಗಿತು. ಸಿಸ್ಟರಮ್ಮ ಬೆರಳು ಮಡಿಸುತ್ತಾ ಏನನ್ನೋ ಎಣಿಸಿದರು.

"ಅಪ್ಪನ ಜೊತೆ ಒಂಬತ್ತು ಕ್ರಿಸ್ಮಸ್ ಸಿಕ್ತು ಟೀಚರೇ" ಎಂದರು. ಮಡಿಸಿದ ಬೆರಳುಗಳನ್ನು ಬಿಡಿಸುತ್ತಾ, "ಹದಿನೈದು ಸಿಗಬೇಕಿತ್ತು."

ನಾನು ಅವರ ಪಕ್ಕಕ್ಕೆ ಸರಿದು ಕೂತೆ.