ಹುರುಳಿ ಹಾಸಿದ ತಿರುವು

ನನ್ನ ಹೆಂಡತಿ ಸೈಕಲ್ ತುಳಿಯುತ್ತಾಳೆ. ಸಂತೆಗೆ ಹೋಗಿಬರುವಷ್ಟಲ್ಲ, ಒಂದೇ ದಿನಕ್ಕೆ ಇನ್ನೂರು ಕಿಲೋಮೀಟರ್. ಆ ಭಾನುವಾರ ಬೆಳಗ್ಗೆ ಐದಕ್ಕೆ ಮೈಸೂರು ಬಿಟ್ಟು ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣ, ರಾವಂದೂರು, ಭೇರ್ಯ, ಕೆ.ಆರ್. ನಗರ ಸುತ್ತಿ ಸಂಜೆ ಆರೂವರೆಯೊಳಗೆ ಮತ್ತೆ ಮೈಸೂರು ಮುಟ್ಟಬೇಕಿತ್ತು. ನಡುವೆ ಕೆಲವು ಊರುಗಳಲ್ಲಿ ಸವಾರಿ ನಡೆಸುವ ಸಂಘದವರಿಂದ ಕಾರ್ಡಿಗೆ ಮೊಹರು ಹಾಕಿಸಬೇಕು, ಒಂದೊಂದಕ್ಕೂ ಗಡುವು. ಹಿಂದಿನ ಎರಡು ಸಲವೂ ಗಡುವು ತಪ್ಪಿತ್ತು. ಈ ಸಲವೂ ತಪ್ಪಿದರೆ ಸೈಕಲ್ ಮಾರಿಬಿಡುತ್ತೇನೆ ಎಂದಿದ್ದಳು, ತಮಾಷೆಗಲ್ಲ.

ನಾನು ಕಾರಿನಲ್ಲಿ ಹಿಂದೆ. ಮೊಹರಿನ ಜಾಗ ಬಿಟ್ಟು ಬೇರೆಲ್ಲಾದರೂ ನಾನು ಒಂದು ತೊಟ್ಟು ನೀರು ಕೊಟ್ಟರೂ ಅವಳು ಔಟ್. ದಾರಿಯಲ್ಲಿ ಸಿಕ್ಕವರು ನೆರವಾದರೆ ಅಡ್ಡಿಯಿಲ್ಲವಂತೆ, ಕಟ್ಟಿಕೊಂಡವನು ಮುಟ್ಟಬಾರದಂತೆ. ಯಾವ ಸೀಮೆಯ ನಿಯಮವೋ ಎಂದು ಗೊಣಗುತ್ತಲೇ ರಾವಂದೂರಿನವರೆಗೆ ಬಂದೆ.

ಭೇರ್ಯದ ಪಕ್ಕದಲ್ಲೇ ನನ್ನ ಊರು, ಅಲ್ಲಿ ಅಣ್ಣನ ಬೇಸಾಯ. ಹಿಂದಿನ ದಿನ ಫೋನಿನಲ್ಲಿ ಅವನಿಗೆ, ನಾಳೆ ಮಧ್ಯಾಹ್ನ ಕಾರಿನಲ್ಲಿ ಆ ಕಡೆ ಬರುತ್ತೇವೆ ಎಂದಷ್ಟೇ ಹೇಳಿದ್ದೆ. ಮನೆಯ ಸೊಸೆ ಬಿಗಿಯಾದ ಚಡ್ಡಿ ಹಾಕಿಕೊಂಡು ಸೈಕಲ್ ತುಳಿಯುತ್ತಾಳೆ ಎನ್ನಲು ನಾಲಿಗೆ ಏಳಲಿಲ್ಲ. ಅವಳಿಗೆ ಮಾತ್ರ, ಅಣ್ಣನಿಗೆ ಎಲ್ಲ ಹೇಳಿದ್ದೇನೆ ಎಂದಿದ್ದೆ.

ಊರ ತಿರುವಿನಲ್ಲಿ ರಸ್ತೆಯ ತುಂಬ ಹುರುಳಿ ಹಾಸಿತ್ತು. ಕೊಯ್ಲಿನ ಕಾಲದಲ್ಲಿ ನಮ್ಮ ಕಡೆ ಹೀಗೆಯೇ. ಗಿಡ ತಂದು ಡಾಂಬರಿನ ಮೇಲೆ ಹರವಿದರೆ ಹೋಗಿಬರುವ ಗಾಡಿಗಳ ಚಕ್ರವೇ ಒಕ್ಕಣೆ ಮಾಡಿಕೊಡುತ್ತದೆ. ಪಕ್ಕದಲ್ಲಿ ಯಾರೂ ನುಸುಳದಂತೆ ಅಂಚಿಗೆ ಕಲ್ಲಿಡುತ್ತಾರೆ. ಚಿಕ್ಕಂದಿನಲ್ಲಿ ನಾನೂ ಇಟ್ಟವನೇ. ಆದರೆ ಇಷ್ಟು ದಪ್ಪಗೆ, ಇಷ್ಟು ಉದ್ದಕ್ಕೆ ಹರವಿದ್ದನ್ನು ಎಂದೂ ಕಂಡಿರಲಿಲ್ಲ.

ಅವಳಿಗೆ ಬೇರೆ ದಾರಿಯಿರಲಿಲ್ಲ, ಒಳಗೇ ನುಗ್ಗಿದಳು. ಹತ್ತು ಮಾರು ಹೋಗುವಷ್ಟರಲ್ಲಿ ಬಳ್ಳಿ ಚೈನಿಗೆ ಸುತ್ತಿಕೊಂಡು ಸೈಕಲ್ ಸಮೇತ ಮಗ್ಗುಲಾಗಿ ಬಿದ್ದಳು. ನಾನು ಕಾರಿನ ಬಾಗಿಲು ತೆಗೆದು ಓಡಿದೆ. ಬಿದ್ದಲ್ಲಿಂದಲೇ ಕೈ ಎತ್ತಿ, "ಮುಟ್ಟಬೇಡಿ" ಎಂದಳು. ಮಂಡಿಯಿಂದ ರಕ್ತ ಇಳಿಯುತ್ತಿತ್ತು. ಗಂಟೆ ಎರಡೂಕಾಲು ದಾಟಿತ್ತು. ಮೂರೂ ನಲವತ್ತಕ್ಕೆ ಕೆ.ಆರ್. ನಗರದ ಗಡುವು.

ಕುಡುಗೋಲು ಹಿಡಿದುಕೊಂಡು ಓಡಿ ಬಂದವನು ಅಣ್ಣ. ಹೆಲ್ಮೆಟ್ ಒಳಗಿನ ಮುಖ ಗುರುತು ಸಿಗುವುದಕ್ಕೆ ಒಂದು ಗಳಿಗೆ ಬೇಕಾಯಿತು.

"ಅಯ್ಯೋ, ನಮ್ಮವ್ಳಲ್ವೇನ್ಲಾ ಇವ್ಳು? ಗೂಟ ನೆಟ್ಟಂಗೆ ನಿಂತಿದ್ದೀಯಲ್ಲ, ಬಾ ಇಲ್ಲಿ."

"ನಾನು ಮುಟ್ಟಂಗಿಲ್ಲ ಕಣಣ್ಣ."

"ಇದ್ಯಾವ ಮಡೀಲಾ?"

ಮೊದಲು ತಲೆಯ ಟವೆಲ್ ಬಿಚ್ಚಿ ಅವಳ ಮಂಡಿಗೆ ಕಟ್ಟಿದ. ಆಮೇಲೆ ಅಲ್ಲೇ ಕುಕ್ಕರಗಾಲಲ್ಲಿ ಕೂತು ಚೈನಿನಿಂದ ಬಳ್ಳಿಯನ್ನು ಎಳೆ ಎಳೆಯಾಗಿ ಕೊಯ್ದು ತೆಗೆದ. ಐದು ನಿಮಿಷ, ಹತ್ತು, ಹದಿನೈದು. ನಾನು ಗಡಿಯಾರ ನೋಡುತ್ತಿದ್ದೆ. ನನ್ನ ಕೈಯೇ ನನಗೆ ಭಾರವಾಗಿತ್ತು.

"ಕಾರಲ್ಲಿ ಬತ್ತೀವಿ ಅಂದೆ," ಅಣ್ಣ ತಲೆಯೆತ್ತದೆ ಹೇಳಿದ. "ನಿನ್ ಕಾರ್ ಚಕ್ರಕ್ಕೂ ಸಿಗ್ಲಿ ಅಂತ ಮನೇಲಿದ್ದುದ್ನೆಲ್ಲ ತಂದು ಅರವ್ದೆ. ಸೈಕಲ್ ಇಸ್ಯ ಯೋಳಿದ್ರೆ ನಾನೇ ಗುಡ್ಸಿ ದಾರಿ ಮಾಡ್ತಿರ್ನಿಲ್ವೇನೋ?"

ಅವಳು ನನ್ನ ಕಡೆ ನೋಡಿದಳು. ನಾನು ಹುರುಳಿ ನೋಡಿದೆ.

ಅವಳು ಹತ್ತಿ ಕೂತಾಗ ಅಣ್ಣ ಮುಂದೆ ಓಡಿ ಅಂಚಿನ ಕಲ್ಲುಗಳನ್ನೆಲ್ಲ ಒದ್ದು ಗದ್ದೆಗೆ ಉರುಳಿಸಿದ. "ಬರ್ತೀನಿ ಭಾವ" ಎಂದು ಅವಳು ಕುಂಟು ಕಾಲಿನಲ್ಲೇ ತುಳಿದಳು. ಎದುರುಗಾಳಿ ಬೇರೆ. ಅಷ್ಟು ದೂರವೂ ನಾನು ಗಡಿಯಾರ ನೋಡುತ್ತಲೇ ಹಿಂದೆ ಬಂದೆ.

ಕೆ.ಆರ್. ನಗರದಲ್ಲಿ ಮೊಹರು ಬಿದ್ದಾಗ ಎರಡು ನಿಮಿಷ ಉಳಿದಿತ್ತು. ಇಲ್ಲಿ ನಾನು ಮುಟ್ಟಬಹುದಿತ್ತು. ಹತ್ತಿ, ಔಷಧಿ ಹಿಡಿದು ಹತ್ತಿರ ಹೋದೆ. ಅವಳು ಅದನ್ನು ಕಸಿದುಕೊಂಡು ತಾನೇ ಒರೆಸಿಕೊಂಡಳು.

"ನಿಮ್ಮಣ್ಣ ನನ್ನ ಚಡ್ಡಿ ನೋಡಲೇ ಇಲ್ಲ, ಮಂಡಿ ನೋಡಿದ್ರು," ಎಂದಳು. "ನಾಚಿಕೆ ಆಗಿದ್ದು ನಿಮಗೆ."

ಅವಳಂದದ್ದು ನಿಜವಾಗಿತ್ತು.

"ಮೈಸೂರಿನವರೆಗೆ ನಾನೊಬ್ಬಳೇ ಹೋಗ್ತೀನಿ. ಹಿಂದೆ ಬರಬೇಡಿ," ಎಂದು ಹೊರಟೇಹೋದಳು.