ಕರಿ ಕವಚದ ಬೂದು ಗೆರೆ

ಮೊಮ್ಮಗಳು ವಾರ್ನಿಶ್ ಡಬ್ಬಿಯ ಮುಚ್ಚಳ ತೆಗೆದಳು. ಆ ವಾಸನೆಗೆ ಹಳೆಯದೆಲ್ಲ ನೆನಪಾಯಿತು. ಮೇಜಿನ ಮೇಲೆ ಆಡುವ ಯುದ್ಧದಾಟಕ್ಕೆಂದು ಬೆರಳುದ್ದದ ಸಿಪಾಯಿಗಳನ್ನು ತರಿಸಿಕೊಂಡಿದ್ದಾಳೆ. ಬಣ್ಣ ನಾವೇ ಹಚ್ಚಬೇಕಂತೆ.

"ಅಜ್ಜಾ, ಕವಚಕ್ಕ ಕರಿ ಹಚ್ಚಿದ್ರ ಬರೇ ಇದ್ದಲಿ ಕಂಡಂಗ ಕಾಣತೈತಿ. ಏನ್ ಮಾಡ್ಲಿ?"

ಉತ್ತರ ಗೊತ್ತಿತ್ತು. ಅವಳ ಕೈಯಿಂದ ಮುಚ್ಚಳ ತೆಗೆದುಕೊಂಡು ಡಬ್ಬಿಗೆ ಹಾಕಿದೆ…

ಗೋಕಾಕದಲ್ಲಿ ಕಟ್ಟಿಗೆ ಗೊಂಬೆ ಮಾಡುವವರ ಮನೆಯಲ್ಲಿ ನಾನು ಪ್ರಾಯದಲ್ಲಿ ಕೆಲಸಕ್ಕಿದ್ದೆ. ಅಲ್ಲಿ ಬಣ್ಣ ಹಚ್ಚುವವರು ಕಾಕಾ. ನನಗೆ ಸಂಬಂಧಿಕರಲ್ಲ, ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ಕರಿ ಕವಚಕ್ಕೆ ಅವರು ಬರೀ ಕಪ್ಪು ಬಳಿಯುತ್ತಿರಲಿಲ್ಲ. ಕರಿಗೆ ಚೂರು ನೀಲಿ ಬೆರೆಸಿ ಮೊದಲ ಕೈ. ಸಂದಿಗಳಿಗೆ ಮಾತ್ರ ಅಪ್ಪಟ ಕರಿ. ಒಣಗಿದ ಮೇಲೆ ಭುಜ, ಮೊಣಕಾಲು, ಎದೆಯ ತಗಡಿನ ಅಂಚಿಗೆಲ್ಲ ಕೂದಲೆಳೆಯಷ್ಟು ಬೂದು ಗೆರೆ.

"ಕರಿ ಕಾಣಬೇಕಂದ್ರ ಅದರ ಬಾಜೂ ಬೆಳಕ ಇರಬೇಕೋ," ಎನ್ನುತ್ತಿದ್ದರು.

ಒಮ್ಮೆ ವ್ಯಾಪಾರಿಯೊಬ್ಬ ಇಂಥದೇ ಸಿಪಾಯಿಗಳನ್ನು ಮಾಡಲು ಹೇಳಿದ್ದ. ಕಾಕಾ ಬಣ್ಣ ಮುಗಿಸಿ ನೆಂಟರ ಲಗ್ನಕ್ಕೆಂದು ಹುಕ್ಕೇರಿಗೆ ಹೋದರು. ವಾರ್ನಿಶ್ ಹೊಡೆಯುವುದು ನನ್ನ ಪಾಲಿನ ಕೆಲಸ. ನನಗೋ ಆ ಗೆರೆಗಳು ಧೂಳು ಕೂತಂತೆ ಕಂಡವು. ಕರಿ ಎಂದಮೇಲೆ ಮಿರಿಮಿರಿ ಕರಿಯೇ ಇರಲಿ ಎಂದು ಎಲ್ಲದಕ್ಕೂ ಇನ್ನೊಂದು ಕೈ ಕಪ್ಪು ಎಳೆದು, ಮೇಲೆ ವಾರ್ನಿಶ್ ಹೊಡೆದುಬಿಟ್ಟೆ. ಶಾಭಾಸ್ ಎನ್ನುತ್ತಾರೆಂದು ನಂಬಿದ್ದೆ.

ಕಾಕಾ ತಿರುಗಿ ಬಂದ ದಿನವೇ ವ್ಯಾಪಾರಿಯೂ ಬಂದ.

"ಏನ್ರಿ ಇದು? ಕೈ ಯಾವುದು, ಎದಿ ಯಾವುದು ಗೊತ್ತಾಗವಲ್ದು! ಕಣ್ಣ ಮುಚ್ಚಿ ಹಚ್ಚೀರೇನು?"

ಕಾಕಾ ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನಾ ಗೆರಿ ಎಳದಿದ್ನೆಲ್ಲೋ?"

ಕೆಲಸ ಹೋದೀತೆಂದು ಹೆದರಿದೆ.

"ಇಲ್ಲರಿ ಕಾಕಾ. ನಿಮಗ ಕಣ್ಣ ಸರಿ ಕಾಣವಲ್ವು, ಖರೆ ಹೇಳ್ತೇನಿ," ಅಂದೆ.

ಅವರು ನಂಬಿದರು. ಮತ್ತೆ ಕುಂಚ ಮುಟ್ಟಲಿಲ್ಲ. ಮೂಲೆಯಲ್ಲಿ ಕೂತು ಕಟ್ಟಿಗೆ ಉಜ್ಜುತ್ತಿದ್ದರು. ಅವರ ಜಾಗಕ್ಕೆ ನಾನು ಬಂದೆ. ಇವತ್ತು ಹೇಳುವೆ, ನಾಳೆ ಹೇಳುವೆ ಎಂದು ದಿನಾ ಅಂದುಕೊಳ್ಳುತ್ತಿದ್ದೆ…

ನಾನು ಆ ಕೆಲಸ ಬಿಟ್ಟು ವರ್ಷಗಳ ಮೇಲೆ, ಯಮಕನಮರಡಿ ಬಸ್ಸಿಗೆ ಕಾಯುತ್ತಿದ್ದಾಗ ಕಾಕಾ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ದೂರದಲ್ಲಿ ತಿರುಗುತ್ತಿದ್ದ ಬಸ್ಸಿನ ಬೋರ್ಡು ನನಗೆ ಮಸುಕಾಗಿತ್ತು.

"ಯಮಕನಮರಡಿ ಬಸ್ ಬಂತು, ಓಡೋ," ಎಂದರು ಕಾಕಾ.

"ಕಣ್ಣ ಚೊಲೊ ಅದಾವಲ್ರಿ ಕಾಕಾ!"

"ದೂರದ್ದು ಕಾಣತೈತಿ. ಹತ್ತರದ್ದು ಅಂದ್ರ ನನಗ ನಂಬಿಗಿ ಇಲ್ಲ. ಅವತ್ತ ನೀನ ಹೇಳಿದೆಲ್ಲೋ, ಚೊಲೊ ಆತು. ಇಲ್ಲಂದ್ರ ಇನ್ನೆಷ್ಟ ಮಾಲು ಕೆಡಸ್ತಿದ್ನೋ ಏನೋ," ಎಂದು ನಕ್ಕರು.

ಮಾತು ತುಟಿಯವರೆಗೆ ಬಂದಿತ್ತು. ಕಂಡಕ್ಟರ್ ಸೀಟಿ ಊದಿದ.

ಕಾಕಾ ತೀರಿಕೊಂಡು ಬಹಳ ವರ್ಷವಾಯಿತು. ಇದನ್ನೆಲ್ಲ ಮೊದಲ ಸಲ ಮೊಮ್ಮಗಳ ಮುಂದೆ ಹೇಳಿದೆ. ಅವಳು ಕುಂಚ ಕೆಳಗಿಟ್ಟಳು.

"ಮತ್ತ ನೀ ಬಸ್ ಹತ್ತಿದೇನಜ್ಜಾ?"

"ಹತ್ತಿದೆ," ಅಂದೆ.